ಸಕ್ಯುಲೆಂಟ್ ಗಿಡಕ್ಕೆ ಮಣ್ಣು: ಹಿತ್ತಿಲಲ್ಲಿರುವ ಒಡೆದ ಹಂಚೇ ಸಾಕು

ದಪ್ಪ ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳು ನಮ್ಮ ಕರಾವಳಿಯಲ್ಲಿ ನೀರಿಲ್ಲದೆ ಸಾಯುವುದು ಅಪರೂಪ, ಬೇರು ಕೊಳೆತು ಸಾಯುವುದೇ ಜಾಸ್ತಿ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ. ಕುಂಡವನ್ನು ಜಗಲಿಯ ಒಳಗಿಟ್ಟರೂ ಗಾಳಿಯೇ ಒದ್ದೆ ಇರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಒಣಗುವುದು ಕಷ್ಟ. ಅದಕ್ಕೇ ಯೂಟ್ಯೂಬ್ ನೋಡಿ ಅರ್ಧಕ್ಕರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸುರಿಯಬೇಡಿ. ಅದು ನೀರು ಹಿಡಿದಿಡುತ್ತದೆ. ಬಯಲುಸೀಮೆಯವರಿಗೆ ಸರಿ, ನಮಗಲ್ಲ.

ಮಣ್ಣು ಸಡಿಲವಾಗಲೆಂದು ಬೆರೆಸುವ ಹಗುರ ಬಿಳಿ ಹರಳು, ಪರ್ಲೈಟಿಗೂ ದುಡ್ಡು ಸುರಿಯಬೇಕಾಗಿಲ್ಲ; ಆ ಕೆಲಸಕ್ಕೆ ಒಡೆದ ಹಂಚು ಸಾಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಲ್ಲಿ ಹಂಚಿಗೇನು ಬರವೇ? ಹಳೇ ಮನೆ ಕೆಡವುವಲ್ಲಿ ಕೇಳಿದರೆ ಒಡೆದದ್ದನ್ನು ಸುಮ್ನೆ ಕೊಟ್ಟುಬಿಡುತ್ತಾರೆ. ಬಣ್ಣ ಬಳಿದ ಹಂಚು ಬೇಡ. ಸಿಮೆಂಟ್ ಶೀಟನ್ನಂತೂ ಮುಟ್ಟಲೇಬೇಡಿ, ಅದರಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ನಾರು ಇರಬಹುದು.

ಹಂಚನ್ನು ಸ್ವಲ್ಪ ನೆನೆಸಿ, ಗೋಣಿಚೀಲದೊಳಗೆ ಹಾಕಿ ಸುತ್ತಿಗೆಯಿಂದ ಕುಟ್ಟಿ. ಒದ್ದೆ ಇದ್ದರೆ ಧೂಳು ಕಡಿಮೆ, ಆದರೂ ಮೂಗಿಗೆ ಮಾಸ್ಕ್ ಇರಲಿ. ಕಡಲೆಕಾಳಿನ ಗಾತ್ರದ ಚೂರು ಬೇಕು. ಒಣಗಿಸಿ, ಜರಡಿ ಹಿಡಿದು ಪುಡಿಯನ್ನು ಬೇರೆ ಮಾಡಿ, ಯಾಕೆಂದರೆ ಆ ಪುಡಿಯೇ ಚೂರುಗಳ ನಡುವೆ ಕೂತು ಗಾಳಿಯ ದಾರಿ ಮುಚ್ಚುವುದು. ಚೆನ್ನಾಗಿ ಒಣಗಿದ ಚೂರುಗಳನ್ನು ಒಂದು ಬಾಲ್ದಿ ನೀರಿಗೆ ಹಾಕಿ ನೋಡಿ, ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತವೆ. ಚೂರಿನೊಳಗೆ ಅಷ್ಟು ತೂತುಗಳಿವೆ ಅಂತ ಅರ್ಥ.

ಇನ್ನು ಅಳತೆ. ಒಂದು ಗೆರಟೆ (ತೆಂಗಿನ ಚಿಪ್ಪು) ತೆಗೆದುಕೊಳ್ಳಿ. ನಾಲ್ಕು ಗೆರಟೆ ಹಂಚಿನ ಚೂರು, ಎರಡು ಗೆರಟೆ ದಪ್ಪ ಹೊಯ್ಗೆ (ಮರಳು), ಎರಡು ಕೆಂಪುಮಣ್ಣು, ಒಂದು ಇದ್ದಿಲ ಚೂರು, ಒಂದು ಚೆನ್ನಾಗಿ ಕಳಿತ ಗೊಬ್ಬರ. ಹೊಯ್ಗೆ ಹೊಳೆಯದ್ದೇ ಆಗಬೇಕು. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಕಡಲ ತೀರದಿಂದ ತುಂಬಿಸಿಕೊಂಡು ಬಂದರೆ ಉಪ್ಪು ಜತೆಗೇ ಬರುತ್ತದೆ. ಇದ್ದಿಲು ಬಚ್ಚಲೊಲೆಯದ್ದಾದರೂ ಆದೀತು, ಬೂದಿ ಮಾತ್ರ ಬೇಡ.

ಎಲ್ಲ ಕಲಸಿ, ತುಸು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ. ಕೈ ಬಿಚ್ಚಿದ ಕೂಡಲೇ ಉದುರಿದರೆ ಸರಿಯಾಗಿದೆ. ಉಂಡೆ ಕಟ್ಟಿದರೆ ಇನ್ನೊಂದು ಗೆರಟೆ ಹಂಚು ಸೇರಿಸಿ.

ಕುಂಡದ ಅಡಿಗೆ ಜಲ್ಲಿ ಹಾಸುವ ರೂಢಿ ಇದೆಯಲ್ವಾ, ಅದರಿಂದ ಪ್ರಯೋಜನವಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ, ಹಾಗಾಗಿ ಒದ್ದೆ ಪದರ ಬೇರಿನ ಹತ್ತಿರಕ್ಕೇ ಏರುತ್ತದೆ. ತೂತಿನ ಮೇಲೆ ಒಂದು ಬಲೆ ತುಂಡು ಸಾಕು.

ಈ ಕೆಲಸವನ್ನೆಲ್ಲ ಏಪ್ರಿಲ್ ಬಿಸಿಲಿನಲ್ಲೇ ಮುಗಿಸಿ. ಗಿಡ ನೆಟ್ಟ ಮೇಲೆ ಒಂದು ವಾರ ನೀರು ಹಾಕಬೇಡಿ, ಕೀಳುವಾಗ ಗಾಯವಾದ ಬೇರು ಮೊದಲು ಒಣಗಲಿ.