ಡೈಕ್ಲೋಫೆನಾಕ್ ಮುಟ್ಟದೆ ದನಗಳಿಗೆ ಚಿಕಿತ್ಸೆ: ನನ್ನ ಅನುಭವ

ಪಶುಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿದ ಮೇಲೂ, ಅದಿಲ್ಲದೆ ಹಳ್ಳಿಯ ದನಗಳನ್ನು ನೋಡಲಾಗದು ಎಂದು ನನಗಿಂತ ಹಿರಿಯ ಪಶುವೈದ್ಯರೇ ಹೇಳುತ್ತಿದ್ದರು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಹಲವು ವರ್ಷ, ರಣಹದ್ದಿಗೆ ಸುರಕ್ಷಿತವಾದ ನೋವಿನ ಔಷಧ ಮೆಲಾಕ್ಸಿಕ್ಯಾಮ್ ಅನ್ನೇ ನೆಚ್ಚಿ ಕೆಲಸ ಮಾಡಿದ ನಾನು, ಅದು ಸಾಧ್ಯವೆಂದು ಈಗ ಧೈರ್ಯವಾಗಿ ಬರೆಯಬಲ್ಲೆ. ಡೈಕ್ಲೋಫೆನಾಕ್ ಉಳಿದಿರುವ ದನದ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಪಾಲಿನಲ್ಲಿ ಈ ಔಷಧ ಉಳಿದಿದ್ದರೂ ಅವುಗಳ ಸಂತತಿ ಕುಸಿಯುತ್ತದೆ. ವರ್ಷಕ್ಕೊಂದೇ ಮೊಟ್ಟೆಯಿಡುವ ಹಕ್ಕಿ ಆ ನಷ್ಟವನ್ನು ತುಂಬಿಕೊಳ್ಳಲಾರದು.

ಮೊದಲ ತೊಡಕು ಹಣದ್ದು. ಆಗ ಮೆಲಾಕ್ಸಿಕ್ಯಾಮ್‌ನ ಬೆಲೆ ಹೆಚ್ಚುಕಡಿಮೆ ಎರಡರಷ್ಟಿತ್ತು. ವ್ಯತ್ಯಾಸದ ಹಣವನ್ನು ಎಷ್ಟೋ ಸಲ ನಾನೇ ಭರಿಸಿದೆ. ಆದರೂ, ಸೂಜಿ ಹಾಕಿದ ಗಂಟೆಯೊಳಗೆ ಹಸು ಮೇವಿಗೆ ಬಾಯಿ ಹಾಕಲಿಲ್ಲವೆಂದು ರೈತರು ನನ್ನನ್ನು ಬಿಟ್ಟು, ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕಿನ ದೊಡ್ಡ ಬಾಟಲಿ ಹಿಡಿದು ಬರುವ, ಪಶುವೈದ್ಯರಲ್ಲದ ಸೂಜಿಯವರ ಬಳಿ ಹೋಗುತ್ತಿದ್ದರು. 2015ರಲ್ಲಿ ಅದನ್ನು 3 ಮಿಲಿಲೀಟರಿನ ಸೀಸೆಯಲ್ಲಿ ಮಾತ್ರ ಮಾರಬೇಕೆಂಬ ನಿಯಮ ಬಂದ ಮೇಲೆ ಅವರ ಆಟ ಸ್ವಲ್ಪ ತಗ್ಗಿತು.

ಔಷಧ ನಿಧಾನವೆಂಬ ದೂರಿನ ಮೂಲ ಬಹುಪಾಲು ಡೋಸಿನಲ್ಲಿದೆ. ಮುನ್ನೂರು ಕಿಲೋ ತೂಗುವ ಹಸುವಿಗೆ ಕಿಲೋಗೆ ಅರ್ಧ ಮಿಲಿಗ್ರಾಮಿನಂತೆ 150 ಮಿಲಿಗ್ರಾಂ ಬೇಕು. ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ದ್ರಾವಣವಾದರೆ 30 ಮಿಲಿಲೀಟರು. ದುಡ್ಡುಳಿಸಲು ಅದರ ಅರ್ಧ ಕೊಟ್ಟು, ಆಮೇಲೆ ಔಷಧವನ್ನೇ ದೂರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕೆಚ್ಚಲು ಬಾವಿಗೆ ನಾನು ಮೊದಲ ಭೇಟಿಯಲ್ಲೇ ಆಂಟಿಬಯಾಟಿಕ್ ಜೊತೆಗೆ ಪೂರ್ತಿ ಡೋಸು ಕೊಟ್ಟು, ಕೆಲವು ಗಂಟೆಗಳಿಗೊಮ್ಮೆ ಹಾಲು ಹಿಂಡಿ ತೆಗೆಯಲು ಹೇಳುತ್ತೇನೆ. ಮೈಯಲ್ಲಿ ನೀರು ಬತ್ತಿದ ದನಕ್ಕೆ ಮೊದಲು ಗ್ಲೂಕೋಸ್-ಸಲೈನ್ ಏರಿಸಿ, ಆಮೇಲಷ್ಟೇ ನೋವಿನ ಸೂಜಿ.

ರಣಹದ್ದಿಗೆ ನಿಜವಾದ ಅಪಾಯವಿರುವುದು ಬದುಕುಳಿಯುವ ದನದಲ್ಲಲ್ಲ, ಕೊನೆಯ ಆಸೆಯಿಂದ ಸೂಜಿ ಹಾಕಿಸಿಕೊಂಡು ಎರಡು ಮೂರು ದಿನದೊಳಗೆ ಸಾಯುವ ದನದಲ್ಲಿ. ಹಿಂದೆ ಯಾರು ಏನು ಚುಚ್ಚಿದ್ದರೆಂದು ಖಚಿತವಾಗದಿದ್ದರೆ ಅಂಥ ಕಳೇಬರವನ್ನು ಸುಣ್ಣ ಹಾಕಿ ಆಳವಾಗಿ ಹೂಳಿಸುತ್ತೇನೆ. ಮಾಲೀಕರಿಂದ ಆ ನಿಜವನ್ನು ಹೊರಡಿಸುವ ನನ್ನದೊಂದು ಉಪಾಯವಿದೆ. ಬರೆದರೆ ಅದು ಕೆಲಸ ಮಾಡುವುದಿಲ್ಲ, ಆದ್ದರಿಂದ ಇಲ್ಲಿ ಬೇಡ. ಸೂಜಿ ಬಿದ್ದ ದನದ ಕೊಂಬಿಗೆ ಬಣ್ಣ ಬಳಿದೂ ನೋಡಿದೆ. ಸಂತೆಯಲ್ಲಿ ಬೆಲೆ ಬೀಳುತ್ತದೆಂದು ರೈತರು ಮರುದಿನವೇ ಉಜ್ಜಿ ತೆಗೆದರು, ನಾನೂ ಕೈಬಿಟ್ಟೆ.

ಕೀಟೋಪ್ರೊಫೆನ್ ಎಂಬ ಮತ್ತೊಂದು ನೋವಿನ ಔಷಧ ಸುರಕ್ಷಿತವೆಂದು ಸಹೋದ್ಯೋಗಿಗಳು ಹಲವರು ಅತ್ತ ಹೊರಳಿದಾಗ ನಾನು ಹೋಗಲಿಲ್ಲ. 2023ರಲ್ಲಿ ಅದನ್ನೂ, ದನದ ಮೈಯೊಳಗೇ ಡೈಕ್ಲೋಫೆನಾಕ್ ಆಗಿ ಮಾರ್ಪಡುವ ಅಸಿಕ್ಲೋಫೆನಾಕನ್ನೂ ನಿಷೇಧಿಸಿದರು. ಮೆಲಾಕ್ಸಿಕ್ಯಾಮ್ ಒಗ್ಗದ ಕಡೆ ನಾನು ಬಳಸುವುದು ಟೋಲ್ಫೆನಾಮಿಕ್ ಆಮ್ಲ. ಫ್ಲುನಿಕ್ಸಿನ್ ಇನ್ನೂ ಅಂಗಡಿಗಳಲ್ಲಿ ಸಿಗುತ್ತಿದೆ. ಅದೂ ರಣಹದ್ದನ್ನು ಕೊಲ್ಲುತ್ತದೆ.

ಈಗ ನನ್ನ ವ್ಯಾಪ್ತಿಯ ಮುಕ್ಕಾಲು ಪಾಲು ಮನೆಗಳಲ್ಲಿ ಮೆಲಾಕ್ಸಿಕ್ಯಾಮ್ ಹೆಸರು ಹಿಡಿದೇ ಕೇಳುತ್ತಾರೆ, ಬೆಲೆಯೂ ಇಳಿದಿದೆ. ಆದರೆ ಬಂಡೀಪುರಕ್ಕೆ ತಗಲಿದ ಮೋಯಾರ್ ಕಣಿವೆಯ ಹೊಳೆಮತ್ತಿ ಮರಗಳಲ್ಲಿ ಗೂಡು ಕಟ್ಟುವ ಬಿಳಿಬೆನ್ನಿನ ರಣಹದ್ದು ಆಹಾರ ಹುಡುಕುತ್ತ ಎಷ್ಟೋ ಕಿಲೋಮೀಟರು ಹಾರುವುದರಿಂದ, ನನ್ನ ಹಳ್ಳಿಗಳಷ್ಟೇ ಶುದ್ಧವಾದರೆ ಸಾಲದು. ಅಕ್ಕಪಕ್ಕದ ತಾಲ್ಲೂಕುಗಳ ಪಶುವೈದ್ಯರು ಕೇಳಿದರೆ, ತೂಕಕ್ಕೆ ತಕ್ಕ ಡೋಸಿನ ನನ್ನ ಪಟ್ಟಿಯನ್ನು ಕೊಡಲು ಸಿದ್ಧನಿದ್ದೇನೆ.