ಫೈಟ್ ಮಧ್ಯೆ ಎರಡು ರೂಲ್ ಒಟ್ಟಿಗೆ ಬಂದ್ರೆ ಏನ್ ಮಾಡ್ಬೇಕು

ಬೆಂಗಳೂರಲ್ಲಿ ಸಂಡೇ ಆಟಕ್ಕೆ ಕೂತಾಗ ಡ್ರ್ಯಾಗನ್ ಜೊತೆಗಿಂತ ರೂಲ್ಸ್ ಜೊತೆ ಜಗಳಾನೇ ಜಾಸ್ತಿ ಗುರು. ನಾನ್ ಹೇಳ್ತಿರೋದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಡೈಸ್ ಉರುಳ್ಸಿ ಪಾತ್ರಗಳಾಗಿ ಆಡೋ ಆಟ) ಐದನೇ ಎಡಿಷನ್, 2014ರ ರೂಲ್ಸ್.

ಮೊದ್ಲು ಅಡ್ವಾಂಟೇಜ್ ವಿಷ್ಯ, ಅಂದ್ರೆ ಡಿ20 (20 ಮುಖದ ಡೈಸ್) ಎರಡು ಸಲ ಉರುಳ್ಸಿ ಜಾಸ್ತಿ ಬಂದಿದ್ದನ್ನ ತಗೊಳ್ಳೋದು, ಡಿಸ್‌ಅಡ್ವಾಂಟೇಜ್ ಅಂದ್ರೆ ಕಮ್ಮಿ ಬಂದಿದ್ದನ್ನ. ಗಾಬ್ಲಿನ್ ನೆಲಕ್ಕೆ ಬಿದ್ದಿದೆ, ನೀವು 30 ಅಡಿ ದೂರದಿಂದ ಬಾಣ ಬಿಡ್ತೀರ, ಅಂದ್ರೆ ಡಿಸ್‌ಅಡ್ವಾಂಟೇಜ್, ಆದ್ರೆ ನೀವು ಅದರ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ಅಡ್ವಾಂಟೇಜೂ ಇದೆ, ಸೋ ಎರಡೂ ಕ್ಯಾನ್ಸಲ್ ಆಗಿ ಒಂದೇ ಒಂದು ಡಿ20 ಉರುಳ್ಸಿ. ಮೂರು ಕಡೆಯಿಂದ ಅಡ್ವಾಂಟೇಜ್ ಇದ್ದು ಒಂದೇ ಡಿಸ್‌ಅಡ್ವಾಂಟೇಜ್ ಇದ್ರೂ ಕ್ಯಾನ್ಸಲ್ಲೇ, ಎಣಿಸೋಕೆ ಹೋಗ್ಬೇಡಿ. (ಇದು ಅನ್ಯಾಯ ಅಂತ ಯಾರಾದ್ರೂ ಕೂಗೇ ಕೂಗ್ತಾರೆ, ನಂಗೆ ಮಾತ್ರ ಇಷ್ಟ, ಲೆಕ್ಕ ಬೇಗ ಮುಗಿಯತ್ತೆ.) ಕವರ್ (ಗೋಡೆ, ಮರದಂಥ ಮರೆ) ಇದಕ್ಕೆ ಸೇರಲ್ಲ, ಅರ್ಧ ಕವರ್‌ಗೆ ಎಸಿ (ಏಟು ತಗುಲೋಕೆ ಕನಿಷ್ಠ ಬರ್ಬೇಕಾದ ನಂಬರ್) +2, ಮುಕ್ಕಾಲಿಗೆ +5, ಅದು ಹಾಗೇ ಉಳಿಯತ್ತೆ.

ಡ್ಯಾಮೇಜ್‌ಗೆ ಆರ್ಡರ್ ಮುಖ್ಯ. 23 ಫೈರ್ ಡ್ಯಾಮೇಜ್ ಬಂತು, ಯಾವುದೋ ಮ್ಯಾಜಿಕ್ 3 ಕಳೀತದೆ, ಜೊತೆಗೆ ಫೈರ್ ರೆಸಿಸ್ಟೆನ್ಸೂ (ಬೆಂಕಿ ಡ್ಯಾಮೇಜ್ ಅರ್ಧಕ್ಕಿಳಿಸೋ ಗುಣ) ಇದೆ ಅನ್ಕೊಳ್ಳಿ. ಮೊದ್ಲು ಕಳೀರಿ, 20, ಆಮೇಲೆ ಅರ್ಧ, 10. ಉಲ್ಟಾ ಮಾಡಿದ್ರೆ 23ರ ಅರ್ಧ 11 (ಭಿನ್ನ ಬಿಡ್ಬೇಕು), ಅದ್ರಲ್ಲಿ 3 ಹೋಗಿ 8 ಬರತ್ತೆ, ಅದು ತಪ್ಪು. ಎರಡು ಕಡೆಯಿಂದ ರೆಸಿಸ್ಟೆನ್ಸ್ ಸಿಕ್ಕಿದ್ರೂ ಅರ್ಧ ಆಗೋದು ಒಂದೇ ಸಲ.

ಕಾನ್ಸಂಟ್ರೇಷನ್ ಸೇವ್ (ಏಟು ಬಿದ್ದಾಗ ನಡೀತಿರೋ ಸ್ಪೆಲ್ ಉಳಿಸ್ಕೊಳ್ಳೋಕೆ ಡೈಸ್ ಉರುಳ್ಸೋದು) ನೋಡೋದು ಇದೆಲ್ಲ ಆದ್ಮೇಲೆ: 10 ಅಥವಾ ತಗೊಂಡ ಡ್ಯಾಮೇಜಲ್ಲಿ ಅರ್ಧ, ಯಾವ್ದು ಜಾಸ್ತಿನೋ ಅದು ಡಿಸಿ (ಸೇವ್ ಗೆಲ್ಲೋಕೆ ಕನಿಷ್ಠ ಬರ್ಬೇಕಾದ ನಂಬರ್). ಎರಡು ಬಾಣ ಬಿದ್ರೆ ಎರಡು ಸೇವ್.

ಇಷ್ಟಾದ್ರೂ ಸ್ಪೆಲ್ಲೋ ಮಾನ್ಸ್ಟರೋ ಬೇರೆ ಏನಾದ್ರೂ ಹೇಳಿದ್ರೆ ಅದೇ ಗೆಲ್ಲೋದು, ಸ್ಪೆಸಿಫಿಕ್ ರೂಲ್ ಯಾವಾಗ್ಲೂ ಜನರಲ್ ರೂಲ್‌ಗಿಂತ ಮೇಲೆ.