ಬಿಷಪ್ಪರ ಲಾಂಛನ ಓದೋದು ಹೇಗೆ? ಟೋಪಿಯಿಂದ ಶುರುಮಾಡಿ

ನಮ್ಮ ಪ್ರೆಸ್ಸಿಗೆ ಗುರುದೀಕ್ಷೆಯ ಆಮಂತ್ರಣ, ಚರ್ಚಿನ ಸ್ಮರಣ ಸಂಚಿಕೆ ಅಂತ ಕೆಲಸ ಬರುತ್ತಲೇ ಇರುತ್ತದೆ. ಮುಖಪುಟದಲ್ಲಿ ಬಿಷಪ್ಪರ ಲಾಂಛನ ಇರಲೇಬೇಕು. ಡಿಟಿಪಿಗೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಗುರಾಣಿಯೊಳಗಿನ ಚಿತ್ರ ಆಮೇಲೆ, ಮೊದಲು ಮೇಲಿನ ಟೋಪಿ ನೋಡಿ.

ಅಗಲ ಅಂಚಿನ ಆ ಟೋಪಿಯಿಂದ ಎರಡೂ ಕಡೆ ಕುಚ್ಚುಗಳು ಇಳಿಬಿದ್ದಿರುತ್ತವೆ. ಎಣಿಸಿ. ಟೋಪಿ ಹಸಿರು, ಒಂದೊಂದು ಕಡೆ 6 ಕುಚ್ಚು ಇದ್ದರೆ ಬಿಷಪ್. ಹಸಿರೇ, ಆದರೆ 10 ಇದ್ದರೆ ಆರ್ಚ್‌ಬಿಷಪ್. ಕೆಂಪು, 15 ಇದ್ದರೆ ಕಾರ್ಡಿನಲ್. ಅಂದರೆ ಮಂಗಳೂರಿನ ಬಿಷಪ್ಪರಿಗೆ 6, ಬೆಂಗಳೂರಿನ ಆರ್ಚ್‌ಬಿಷಪ್ಪರಿಗೆ 10. ಕುಚ್ಚುಗಳು 1, 2, 3, 4 ಅಂತ ಸಾಲಾಗಿ ಇಳಿಯುತ್ತವೆ. ಜಾಗ ಸಾಲದು ಅಂತ ಕೊನೇ ಸಾಲು ಕತ್ತರಿಸಿದಿರೋ, ಆರ್ಚ್‌ಬಿಷಪ್ಪರು ಬಿಷಪ್ ಆಗಿಬಿಡುತ್ತಾರೆ! ಗುರಾಣಿಯ ಹಿಂದಿನ ಶಿಲುಬೆಯನ್ನೂ ತಾಳೆ ನೋಡಿ. ಬಿಷಪ್ಪರದಕ್ಕೆ ಒಂದು ಅಡ್ಡಪಟ್ಟಿ, ಆರ್ಚ್‌ಬಿಷಪ್ಪರದಕ್ಕೆ ಎರಡು.

ಚೆನ್ನಾಗಿ ಕಾಣುತ್ತೆ ಅಂತ ಕೆಲವರು ಪೂಜೆಯ ಕಿರೀಟ, ದಂಡ ಸೇರಿಸಲು ಹೇಳುತ್ತಾರೆ. ಬೇಡ. 1969ರಲ್ಲೇ ವ್ಯಾಟಿಕನ್ ಅವನ್ನು ಬಿಷಪ್ಪರ, ಕಾರ್ಡಿನಲ್‌ಗಳ ಲಾಂಛನದಿಂದ ತೆಗೆಸಿತು.

ಹೊರಗಿನದೆಲ್ಲ ಹುದ್ದೆಯದು, ಒಳಗಿನದು ಆ ಮನುಷ್ಯರದು. ಪೋಪ್ ಫ್ರಾನ್ಸಿಸ್ ಅವರದನ್ನೇ ನೋಡಿ. ಬ್ಯೂನಸ್ ಐರಿಸ್‌ನಲ್ಲಿ ಕಾರ್ಡಿನಲ್ ಆಗಿದ್ದಾಗ ಕೆಂಪು ಟೋಪಿ ಇತ್ತು. 2013ರಲ್ಲಿ ಪೋಪ್ ಆದಾಗ ಟೋಪಿ ಹೋಯಿತು. ಕಿರೀಟವೂ ಚಿನ್ನ, ಬೆಳ್ಳಿಯ ಎರಡು ಬೀಗದ ಕೈಗಳೂ ಬಂದವು. ಗುರಾಣಿ ಮಾತ್ರ ಹೆಚ್ಚುಕಡಿಮೆ ಹಳೆಯದೇ. ನೀಲಿ ಬಣ್ಣ, ಮೇಲೆ ಉರಿಯುವ ಸೂರ್ಯ. ಅದರೊಳಗೆ ಯೇಸುವಿನ ಹೆಸರಿನ ಮೂರಕ್ಷರ, ಶಿಲುಬೆ, ಮೂರು ಮೊಳೆ. ಅದು ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಗುರುಗಳ ಸಭೆಯ ಗುರುತು. ಫ್ರಾನ್ಸಿಸ್ ಆ ಸಭೆಯವರೇ ಆಗಿದ್ದರಲ್ವಾ? ಕೆಳಗಿನ ನಕ್ಷತ್ರ ಮಾತೆ ಮರಿಯಮ್ಮನವರದು. ಪಕ್ಕದ್ದನ್ನು ಜಾಸ್ತಿ ಜನ ದ್ರಾಕ್ಷಿ ಗೊಂಚಲು ಅಂದುಕೊಳ್ಳುತ್ತಾರೆ. ಅದು ನಾರ್ಡ್ ಅನ್ನೋ ಸುಗಂಧದ ಗಿಡದ ಹೂವು, ಸಂತ ಜೋಸೆಫರ ಗುರುತು. ಸ್ಪ್ಯಾನಿಷ್ ಸಂಪ್ರದಾಯದ ಚಿತ್ರಗಳಲ್ಲಿ ಅವರ ಕೈಯಲ್ಲಿ ಇದೇ ಇರುತ್ತದೆ.

ಲಾಂಛನದ ವಿವರಣೆಯಲ್ಲಿ ‘ಬಲಗಡೆ’ ಅಂತಿದ್ದರೆ ಅದು ಗುರಾಣಿ ಹಿಡಿದವರ ಬಲ, ನೋಡುವ ನಮಗೆ ಎಡ.

ಒಂದೇ ಬಣ್ಣದಲ್ಲಿ ಅಚ್ಚಾದ ಹಳೆಯ ಲಾಂಛನ ಸಿಕ್ಕರೂ ಬಣ್ಣ ತಿಳಿಯಬಹುದು. ಅಡ್ಡಗೆರೆ ನೀಲಿ, ಉದ್ದಗೆರೆ ಕೆಂಪು, ಓರೆಗೆರೆ ಹಸಿರು, ಚುಕ್ಕಿ ಚಿನ್ನ, ಖಾಲಿ ಇದ್ದರೆ ಬೆಳ್ಳಿ. ಸ್ಕ್ಯಾನ್ ಮಾಡಿದಾಗ ಆ ಗೆರೆ, ಚುಕ್ಕಿಗಳನ್ನು ಕೊಳೆ ಅಂತ ಫೋಟೋಶಾಪ್‌ನಲ್ಲಿ ಸುಮ್ನೆ ಒರೆಸಿಹಾಕಬೇಡಿ.